ತಪ್ಪಿನ ಖರ್ಚು ಯಾರ ಖಾತೆಗೆ?

ತಪ್ಪೇ ಇಲ್ಲದ ದಫ್ತರ ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಹಿಂದಿನ ಶಾನುಭೋಗರ ಕಡತದಿಂದ ಹಿಡಿದು ಇಂದಿನ ಕಂಪ್ಯೂಟರಿನವರೆಗೆ, ಮನುಷ್ಯ ಬರೆದಿಟ್ಟ ಯಾವ ಲೆಕ್ಕವನ್ನು ತೆಗೆದು ನೋಡಿದರೂ ಅದರಲ್ಲಿ ಒಂದಷ್ಟು ಹೆಸರುಗಳು ತಪ್ಪಾಗಿರುತ್ತವೆ, ಒಂದಷ್ಟು ವಿಳಾಸಗಳು ಹಳತಾಗಿರುತ್ತವೆ, ಒಂದಷ್ಟು ಕಲಮುಗಳು ಖಾಲಿ ಬಿದ್ದಿರುತ್ತವೆ. ಬರೆದವರು ದಡ್ಡರೆಂದೋ ಕಳ್ಳರೆಂದೋ ಹೀಗಾಗುವುದಿಲ್ಲ. ಬರೆದ ದಿನ ಸರಿಯಾಗಿದ್ದದ್ದು ಕೂಡ ಹತ್ತು ವರ್ಷಗಳಲ್ಲಿ ತಾನಾಗಿಯೇ ತಪ್ಪಾಗುತ್ತದೆ. ಜನ ಮನೆ ಬದಲಿಸುತ್ತಾರೆ, ಮದುವೆಯಾಗುತ್ತಾರೆ, ಪಾಲಾಗುತ್ತಾರೆ, ಸಾಯುತ್ತಾರೆ. ಯಾರಾದರೂ ಹೋಗಿ ಹೇಳುವವರೆಗೆ ಪುಸ್ತಕಕ್ಕೆ ಇದು ಯಾವುದೂ ಗೊತ್ತಾಗುವುದಿಲ್ಲ. ದಾಖಲೆಯನ್ನು ಸರಿಯಾಗಿ ಇಡುವುದೆಂದರೆ ತೋಟದ ಕಳೆ ತೆಗೆದ ಹಾಗೆ. ಒಮ್ಮೆ ತೆಗೆದರೆ ಮುಗಿಯಿತು ಎನ್ನುವಂತಿಲ್ಲ, ಪ್ರತಿವರ್ಷವೂ ಆಳಿನ ಖರ್ಚು ಇದ್ದದ್ದೇ.

ಖರ್ಚು ಎಂದ ಕೂಡಲೇ ಆಯ್ಕೆಯೂ ಬಂತು. ಯಾವುದನ್ನು ಸರಿಯಾಗಿ ಇಡಬೇಕು, ಯಾವುದನ್ನು ಹೇಗಿದೆಯೋ ಹಾಗೆ ಬಿಡಬಹುದು ಎಂಬ ಪ್ರಶ್ನೆ ಪ್ರತಿಯೊಂದು ಸಂಸ್ಥೆಯ ಮುಂದೆಯೂ ಇರುತ್ತದೆ. ಇದಕ್ಕೆ ವ್ಯವಹಾರಸ್ಥರು ಕೊಡುವ ಉತ್ತರ ಒಂದೇ: ಯಾವ ಮಾಹಿತಿಯಿಂದ ಸಂಸ್ಥೆಗೆ ಹೆಚ್ಚು ಬೆಲೆ ಇದೆಯೋ ಅದನ್ನು ಮೊದಲು ಸರಿಪಡಿಸು, ಉಳಿದದ್ದನ್ನು ಆಮೇಲೆ ನೋಡು. ಈಗಿನವರು ಇದನ್ನು ಬಿಸಿನೆಸ್ ವ್ಯಾಲ್ಯೂ ಎನ್ನುತ್ತಾರೆ. ಈ ಉತ್ತರದಲ್ಲಿ ಎಷ್ಟು ಸತ್ಯವಿದೆ, ಎಲ್ಲಿ ಅದು ದಾರಿ ತಪ್ಪುತ್ತದೆ ಎನ್ನುವುದನ್ನು ಯೋಚಿಸಬೇಕೆಂದು ನನಗೆ ಬಹಳ ದಿನಗಳಿಂದ ಅನಿಸುತ್ತಿತ್ತು.

ಮೊದಲು ಅದರ ಸತ್ಯವನ್ನು ಒಪ್ಪಿಕೊಳ್ಳೋಣ. ಈ ಬುದ್ಧಿ ನಮ್ಮ ಹಿರಿಯರಿಗೂ ಇತ್ತು. ಅಕ್ಕಸಾಲಿಗ ಚಿನ್ನವನ್ನು ಗುಲಗಂಜಿಯಿಂದ ತೂಗುತ್ತಿದ್ದ. ಭತ್ತವನ್ನು ಕೊಳಗದಲ್ಲಿ ಅಳೆಯುತ್ತಿದ್ದರು. ಸೌದೆಯನ್ನು ಗಾಡಿಯ ಲೆಕ್ಕದಲ್ಲಿ ಕಣ್ಣಂದಾಜಿನಿಂದ ಕೊಳ್ಳುತ್ತಿದ್ದರು. ಸೌದೆ ತೂಗಲು ಅಕ್ಕಸಾಲಿಗನ ತಕ್ಕಡಿ ತಂದವನನ್ನು ಊರಿನವರು ಪ್ರಾಮಾಣಿಕನೆಂದು ಹೊಗಳುತ್ತಿರಲಿಲ್ಲ, ಹುಚ್ಚನೆನ್ನುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಇದೇ ವಿವೇಕವನ್ನು ಶಾಸ್ತ್ರವಾಗಿ ಹೇಳಿದವರಲ್ಲಿ ಜೋಸೆಫ್ ಜುರಾನ್ ಮುಖ್ಯರು. ರೊಮೇನಿಯಾದಲ್ಲಿ 1904ರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಈ ಇಂಜಿನಿಯರು ಕಾರ್ಖಾನೆಗಳ ಗುಣಮಟ್ಟದ ಬಗ್ಗೆ 1951ರಲ್ಲಿ ದೊಡ್ಡ ಕೈಪಿಡಿಯೊಂದನ್ನು ಹೊರತಂದರು. ಉಪಯೋಗಕ್ಕೆ ಒದಗುವುದೇ ಗುಣಮಟ್ಟ ಎನ್ನುವುದು ಅವರ ವಿಚಾರದ ತಿರುಳು. ನೂರು ದೋಷಗಳಿದ್ದರೆ ಅವುಗಳಲ್ಲಿ ಕೆಲವೇ ಕೆಲವು ಬಹುಪಾಲು ನಷ್ಟಕ್ಕೆ ಕಾರಣವಾಗಿರುತ್ತವೆ, ಮೊದಲು ಅವನ್ನು ಹುಡುಕಿ ಹಿಡಿಯಬೇಕು ಎಂದೂ ಅವರು ಹೇಳಿದರು. 1990ರ ದಶಕದಲ್ಲಿ ಈ ವಿಚಾರ ಕಾರ್ಖಾನೆಯಿಂದ ಕಡತಕ್ಕೆ ಬಂತು. ರಿಚರ್ಡ್ ವಾಂಗ್ ಮತ್ತು ಡಯೇನ್ ಸ್ಟ್ರಾಂಗ್ ಎಂಬ ಇಬ್ಬರು ವಿದ್ವಾಂಸರು 1996ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಮಾಹಿತಿ ಸರಿಯೋ ತಪ್ಪೋ ಎಂದಷ್ಟೇ ಕೇಳಿದರೆ ಸಾಲದು, ಅದನ್ನು ಬಳಸುವವರಿಗೆ ಅದು ಒದಗುತ್ತದೆಯೇ ಎಂದು ಕೇಳಬೇಕು ಎಂದರು.

ಇಲ್ಲಿಯವರೆಗೆ ಎಲ್ಲವೂ ಸರಿಯೇ. ಆದರೆ 'ಬಳಸುವವರು' ಎಂಬ ಆ ಒಂದು ಮಾತಿನ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ಕಾರ್ಖಾನೆಯಲ್ಲಿ ತಯಾರಾದ ಬೀಗವನ್ನು ಬಳಸುವವನು ಅದನ್ನು ಕೊಂಡವನು. ಬೀಗ ಕೆಟ್ಟರೆ ನಷ್ಟವೂ ಅವನಿಗೇ. ಅವನು ಅಂಗಡಿಗೆ ಬಂದು ಜಗಳ ಮಾಡುತ್ತಾನೆ, ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾನೆ. ದಾಖಲೆ ಹಾಗಲ್ಲ. ಅದನ್ನು ಬಳಸುವವರು ಒಬ್ಬರು, ಅದರೊಳಗೆ ಇರುವ ಮನುಷ್ಯ ಇನ್ನೊಬ್ಬ. ನನ್ನ ಹೆಸರು, ನನ್ನ ಜಮೀನು, ನನ್ನ ಠೇವಣಿ, ನನ್ನ ಕಾಯಿಲೆ ಇವು ಬರೆದಿರುವ ಪುಸ್ತಕವನ್ನು ತೆರೆದು ನೋಡುವವನು ನಾನಲ್ಲ. ಅದು ತಪ್ಪಾಗಿದ್ದರೆ ತೊಂದರೆಪಡುವವನು ಮಾತ್ರ ನಾನೇ. ಹೀಗಿರುವಾಗ ಒಂದು ಕಲಮಿನ ಬೆಲೆ ಎಷ್ಟು ಎಂದು ನಿರ್ಣಯಿಸುವವರು ಯಾರು? ಬಳಸುವವರೆ, ಒಳಗಿರುವವರೆ?

ನಾನು ಮಲೆನಾಡಿನ ಒಂದು ಪಟ್ಟಣದ ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವನು. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಬೇರೆ ಬ್ಯಾಂಕುಗಳಿಗಿಂತ ಅದು ಕೆಟ್ಟದ್ದೇನೂ ಆಗಿರಲಿಲ್ಲ. ಅಲ್ಲಿ ಸಂಜೆ ಶಿಲ್ಕು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ವ್ಯತ್ಯಾಸ ಬಂದರೂ ಕಿರ್ದಿ, ಖತಾವಣಿ, ವೋಚರು ಎಲ್ಲವನ್ನೂ ಹರಡಿಕೊಂಡು ಕೂರುತ್ತಿದ್ದೆವು. ಕರೆಂಟು ಹೋದರೆ ಸೀಮೆಎಣ್ಣೆ ದೀಪ ಬರುತ್ತಿತ್ತು. ಆ ಹತ್ತು ಪೈಸೆಯನ್ನು ಯಾರಾದರೊಬ್ಬರು ಕಿಸೆಯಿಂದ ಹಾಕಿ ಮುಗಿಸಬಾರದೇ ಎಂದು ಹೊರಗಿನವರು ನಗುತ್ತಿದ್ದರು. ಹಾಗೆ ಮಾಡಬಾರದು, ಏಕೆಂದರೆ ಹತ್ತು ಪೈಸೆಯ ವ್ಯತ್ಯಾಸದ ಹಿಂದೆ ಒಂದು ಕಡೆ ಹತ್ತು ಸಾವಿರ ಹೆಚ್ಚು, ಇನ್ನೊಂದು ಕಡೆ ಅಷ್ಟೇ ಕಡಿಮೆ ಅಡಗಿ ಕುಳಿತಿರಬಹುದು. ಆ ಶಿಸ್ತಿನ ಬಗ್ಗೆ ನನಗೆ ಈಗಲೂ ಗೌರವವಿದೆ.

ಆದರೆ ಅದೇ ಬ್ಯಾಂಕಿನಲ್ಲಿ ಒಂದು ವಿಚಿತ್ರವನ್ನೂ ನಾನು ನೋಡಿದ್ದೇನೆ. ಒಬ್ಬನೇ ರೈತ ಸಾಲದ ಪುಸ್ತಕದಲ್ಲಿ ಒಂದು ಬಗೆಯಾಗಿ, ಠೇವಣಿಯ ಪುಸ್ತಕದಲ್ಲಿ ಇನ್ನೊಂದು ಬಗೆಯಾಗಿ ಇರುತ್ತಿದ್ದ. ಸಾಲದ ಕಡೆ ಅವನ ಪೂರ್ತಿ ಹೆಸರು, ತಂದೆಯ ಹೆಸರು, ಊರು, ಮಜರೆ, ಸರ್ವೆ ನಂಬರು, ತೋಟ ಎಷ್ಟು ಗುಂಟೆ, ಗದ್ದೆ ಎಷ್ಟು ಗುಂಟೆ, ಜಾಮೀನುದಾರರು ಯಾರು, ಅವನ ಹೆಂಡತಿಯ ತವರು ಎಲ್ಲಿ ಎನ್ನುವುದೂ ಕೆಲವೊಮ್ಮೆ ಪೆನ್ಸಿಲಿನಲ್ಲಿ ಬರೆದಿರುತ್ತಿತ್ತು. ಠೇವಣಿಯ ಕಡೆ ಒಂದು ಇನಿಷಿಯಲ್ಲು, ಒಂದು ಹೆಸರು, ಊರು, ಅಷ್ಟೇ. ನಾಮಿನಿಯ ಜಾಗ ಖಾಲಿ. ಠೇವಣಿದಾರ ತೀರಿಕೊಂಡರೆ ಹಣ ಯಾರಿಗೆ ಕೊಡಬೇಕೆಂದು ಮೊದಲೇ ಬರೆಯಿಸಿಡುವ ಅನುಕೂಲ 1985ರಿಂದಲೇ ನಮ್ಮ ಬ್ಯಾಂಕುಗಳಲ್ಲಿದೆ. ಫಾರಮ್ಮುಗಳೂ ಇದ್ದವು. ಕೇಳಿ ತುಂಬಿಸಿಕೊಳ್ಳಬೇಕು ಎನ್ನುವ ಆತುರ ಮಾತ್ರ ಯಾರಿಗೂ ಇರಲಿಲ್ಲ.

ಒಮ್ಮೆ ಒಬ್ಬ ಹೆಂಗಸು ಬಂದರು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಅಡಿಕೆ ಮಾರಿದ ಹಣದಲ್ಲಿ ಅವನು ಇಟ್ಟಿದ್ದ ಠೇವಣಿಯ ರಸೀದಿ ಅವರ ಸೀರೆಯ ಸೆರಗಿನ ಗಂಟಿನಲ್ಲಿತ್ತು. ರಸೀದಿಯಲ್ಲಿದ್ದ ಹೆಸರು ಒಂದು, ಮರಣದ ದಾಖಲೆಯಲ್ಲಿದ್ದ ಹೆಸರು ಇನ್ನೊಂದು. ಊರಿನಲ್ಲಿ ಕರೆಯುವ ಹೆಸರನ್ನು ಯಾರೋ ಒಬ್ಬರು ಒಮ್ಮೆ ಬರೆದುಕೊಂಡಿದ್ದರು, ಅದೇ ಉಳಿದಿತ್ತು. ನಾಮಿನಿಯ ಜಾಗದಲ್ಲಿ ಒಂದು ಅಡ್ಡಗೆರೆ. ಮ್ಯಾನೇಜರರು ಒಳ್ಳೆಯ ಮನುಷ್ಯರು. ಅವರನ್ನು ಕೂರಿಸಿ, ನೀರು ಕೊಡಿಸಿ, ಕೋರ್ಟಿನಿಂದ ವಾರಸಾ ಸರ್ಟಿಫಿಕೇಟು ತರಬೇಕಾಗುತ್ತದೆ ಎಂದು ಹೇಳಿದರು. ನಾನಾಗ ಸಾಲದ ವಿಭಾಗದಲ್ಲಿದ್ದೆ. ಅವರ ಗಂಡನ ಸಾಲದ ಲೆಡ್ಜರನ್ನು ತಂದು ಮೇಜಿನ ಮೇಲಿಟ್ಟೆ. ಎರಡು ಹೆಸರೂ, ಸರ್ವೆ ನಂಬರೂ, ಹೆಂಡತಿಯ ಹೆಸರೂ ಅದರಲ್ಲಿದ್ದವು. ಮ್ಯಾನೇಜರರು ನೋಡಿ, "ಇದು ನಿಜ, ಆದರೆ ಇದು ಸಾಲಕ್ಕೆ ಮಾಡಿದ ದಾಖಲೆ, ಠೇವಣಿಗೆ ನಡೆಯುವುದಿಲ್ಲ" ಎಂದರು. ಆ ಹೆಂಗಸು ಸಿಟ್ಟಿನಿಂದ ಏನೂ ಹೇಳಲಿಲ್ಲ. "ವಸೂಲಿಗೆ ಬರುವಾಗ ನಿಮಗೆ ನಮ್ಮ ಮನೆ ದಾರಿ ಗೊತ್ತಿರ್ತಿತ್ತಲ್ಲ ರಾಯ್ರೆ, ಈಗ ಕೊಡುವಾಗ ಗುರುತು ಸಿಗೂದಿಲ್ವ?" ಎಂದಷ್ಟೇ ಕೇಳಿದರು. ಹಣ ಅವರ ಕೈ ಸೇರಲು ಏಳು ತಿಂಗಳು ಹಿಡಿಯಿತು. ವಕೀಲರ ಖರ್ಚು, ಬಸ್ಸಿನ ಖರ್ಚು ಎಲ್ಲ ಅವರದೇ.

ಆ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ಸಾಲಗಾರನ ವಿಳಾಸ ತಪ್ಪಾಗಿದ್ದರೆ ನಷ್ಟ ಬ್ಯಾಂಕಿಗೆ. ಠೇವಣಿದಾರನ ವಿಳಾಸ ತಪ್ಪಾಗಿದ್ದರೆ ನಷ್ಟ ಠೇವಣಿದಾರನಿಗೆ. ಬ್ಯಾಂಕು ತನ್ನ ನಷ್ಟವನ್ನು ಎಚ್ಚರದಿಂದ ಕಾಯ್ದುಕೊಂಡಿತ್ತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಯಾವ ಮಾಹಿತಿಗೆ ಸಂಸ್ಥೆಯ ದೃಷ್ಟಿಯಿಂದ ಬೆಲೆಯಿದೆಯೋ ಅದನ್ನು ಸರಿಯಾಗಿಡು ಎಂಬ ನಿಯಮ, ಯಾರೂ ಹೇಳಿಕೊಡದೆ, ತಾನಾಗಿಯೇ ನಡೆಯುತ್ತಿತ್ತು.

ಇದು ಒಂದು ಊರಿನ ಒಂದು ಬ್ಯಾಂಕಿನ ಕತೆ ಎಂದುಕೊಳ್ಳಬಾರದು. ಹತ್ತು ವರ್ಷ ಯಾರೂ ಕೇಳದೆ ಬಿದ್ದಿರುವ ಠೇವಣಿಗಳನ್ನು ಬ್ಯಾಂಕುಗಳು ತಮ್ಮಲ್ಲೇ ಇಟ್ಟುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿತು. ವಾರಸುದಾರರು ಆಮೇಲೆ ಬಂದರೂ ಹಣ ಸಿಗುತ್ತದೆ, ಆದರೆ ಬರಬೇಕು, ತೋರಿಸಬೇಕು. 2023ರ ಫೆಬ್ರವರಿಯ ಕೊನೆಯ ಹೊತ್ತಿಗೆ ಸಾರ್ವಜನಿಕ ವಲಯದ ಬ್ಯಾಂಕುಗಳು ಮಾತ್ರವೇ ಈ ನಿಧಿಗೆ ವರ್ಗಾಯಿಸಿದ್ದ ಮೊತ್ತ 35,000 ಕೋಟಿ ರೂಪಾಯಿಗಳನ್ನು ದಾಟಿತ್ತು. ಅದೇ ವರ್ಷದ ಆಗಸ್ಟಿನಲ್ಲಿ, ಯಾವ ಬ್ಯಾಂಕಿನಲ್ಲಿ ಯಾರ ಹಣ ಉಳಿದಿದೆ ಎಂದು ಜನರೇ ಹುಡುಕಿಕೊಳ್ಳಲು 'ಉದ್ಗಮ್' ಎಂಬ ವ್ಯವಸ್ಥೆಯನ್ನೂ ರಿಸರ್ವ್ ಬ್ಯಾಂಕು ತಂದಿತು. ಒಳ್ಳೆಯ ಕೆಲಸ. ಆದರೆ ಆ ಮೊತ್ತವನ್ನು ಕೇಳಿದಾಗ ನನಗೆ ಕಾಣುವುದು ದುಡ್ಡಿಗಿಂತ ಹೆಚ್ಚಾಗಿ ಖಾಲಿ ಕಲಮುಗಳು. ಮರೆತುಹೋದ ಖಾತೆಗಳು ಅದರಲ್ಲಿ ಎಷ್ಟೋ ಇರಬಹುದು. ಜೊತೆಗೆ ಹಳೆಯ ವಿಳಾಸಗಳು, ಅರ್ಧ ಹೆಸರುಗಳು, ನಾಮಿನಿಯ ಜಾಗದಲ್ಲಿ ಎಳೆದ ಅಡ್ಡಗೆರೆಗಳೂ ಇವೆ. ಸಾಲದಷ್ಟೇ ಮೊತ್ತ ಹೀಗೆ ಯಜಮಾನರಿಲ್ಲದೆ ಕಳೆದುಹೋಗಿದ್ದರೆ ಯಾವ ಬ್ಯಾಂಕು ಹತ್ತು ವರ್ಷ ಸುಮ್ಮನೆ ಕೂತಿರುತ್ತಿತ್ತು?

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಾನೆ. ಮಾಹಿತಿಯ ಗುಣಮಟ್ಟ ನೋಡಿಕೊಳ್ಳುವುದೇ ಅವನ ಉದ್ಯೋಗ. ರಜೆಗೆ ಬಂದಾಗ ಅವನನ್ನು ಕೇಳಿದೆ. ಅವನು ಒಂದು ಹಾಳೆಯ ಮೇಲೆ ಬರೆದು ತೋರಿಸಿದ. ಲಕ್ಷಾಂತರ ಗ್ರಾಹಕರು, ಒಬ್ಬೊಬ್ಬ ಗ್ರಾಹಕನಿಗೆ ನೂರಾರು ಕಲಮುಗಳು. ಪ್ರತಿಯೊಂದಕ್ಕೂ ದರ್ಜೆ ಕೊಡುತ್ತಾರೆ. ಬಿಲ್ಲು ಹೋಗುವ ವಿಳಾಸ ಮೊದಲ ದರ್ಜೆ, ಕಾನೂನು ಕೇಳುವ ಗುರುತಿನ ಸಂಖ್ಯೆ ಮೊದಲ ದರ್ಜೆ, ಫೋನು ನಂಬರು ಎರಡನೆಯದು, ಉಳಿದ ಎಷ್ಟೋ ಸಂಗತಿಗಳು ಮೂರನೆಯದು. ಮೊದಲ ದರ್ಜೆಯವನ್ನು ದಿನವೂ ಪರೀಕ್ಷಿಸುತ್ತಾರೆ, ಮೂರನೆಯದನ್ನು ದೂರು ಬಂದಾಗ ನೋಡುತ್ತಾರೆ.

"ಎಲ್ಲವನ್ನೂ ಸರಿ ಮಾಡ್ತೀವಿ ಅಂತ ಹೊರಟವರು ಯಾವುದನ್ನೂ ಸರಿ ಮಾಡಲಿಲ್ಲ ಮಾವ" ಎಂದ. "ಕಂಪನಿ ಅಂದ್ರೆ ಧರ್ಮಛತ್ರ ಅಲ್ವಲ್ಲ. ಖರ್ಚಿಗೆ ಒಂದು ಲೆಕ್ಕ ಬೇಕಲ್ಲ."

"ಲೆಕ್ಕ ಬೇಕು, ನಿಜ. ಈ ದರ್ಜೆ ಕೊಡುವಾಗ ನಷ್ಟ ಅಂತ ಬರೆಯುತ್ತೀರಲ್ಲ, ಯಾರ ನಷ್ಟ?" ಎಂದು ಕೇಳಿದೆ.

"ಕಂಪನಿಯದು."

"ಗ್ರಾಹಕರದು?"

"ಅವರಿಗೆ ತೊಂದರೆಯಾದರೆ ದೂರು ಬರುತ್ತೆ. ದೂರು ಜಾಸ್ತಿ ಆದ್ರೆ ಅದೂ ಕಂಪನಿಯ ನಷ್ಟವೇ. ಆಗ ದರ್ಜೆ ಮೇಲಕ್ಕೆ ಹೋಗುತ್ತೆ."

ಅವನು ಹೇಳಿದ್ದು ಪ್ರಾಮಾಣಿಕವಾದ ಮಾತು, ಬಹುಪಾಲು ಸಂದರ್ಭಗಳಲ್ಲಿ ಅದು ನಡೆಯುವ ಮಾತೂ ಹೌದು. ಅದರ ದೋಷ ಇಷ್ಟೇ: ದೂರು ಕೊಡಲು ಗೊತ್ತಿರುವವರ ನಷ್ಟ ಮಾತ್ರ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಸತ್ತವರು ದೂರು ಕೊಡುವುದಿಲ್ಲ. ತನ್ನ ಹೆಸರಿನಲ್ಲಿ ಹಣವಿದೆ ಎಂದೇ ತಿಳಿಯದ ಮಗಳು ದೂರು ಕೊಡುವುದಿಲ್ಲ. ಓದಲು ಬಾರದವನು ಕೌಂಟರಿನವರೆಗೆ ಬಂದು, ಸಾಲು ನೋಡಿ, ಹಿಂದಕ್ಕೆ ಹೋಗುತ್ತಾನೆ. ಯಾರಿಗೆ ತಪ್ಪಿನ ಪೆಟ್ಟು ಹೆಚ್ಚು ಬೀಳುತ್ತದೆಯೋ ಅವರ ಸದ್ದೇ ಹಾಳೆಯ ಮೇಲೆ ಕಡಿಮೆ.

ಹಾಗಾದರೆ ದಾಖಲೆ ತಾನಾಗಿ ಶುದ್ಧವಾಗಿ ಉಳಿಯುವ ಜಾಗ ಎಲ್ಲಿಯೂ ಇಲ್ಲವೇ? ಇದೆ. ನಮ್ಮ ಹಳ್ಳಿಗಳ ಹಾಲಿನ ಸೊಸೈಟಿಗೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ನೋಡಿ. ಗುಜರಾತಿನ ಆನಂದದಲ್ಲಿ 1946ರಲ್ಲಿ ಆರಂಭವಾದ ಪದ್ಧತಿ ಕರ್ನಾಟಕಕ್ಕೆ 1970ರ ದಶಕದಲ್ಲಿ ಬಂತು. ದಿನಕ್ಕೆ ಎರಡು ಸಲ, ಪ್ರತಿಯೊಬ್ಬರ ಹಾಲನ್ನೂ ಅವರ ಕಣ್ಣೆದುರೇ ಅಳೆಯುತ್ತಾರೆ, ಸ್ಯಾಂಪಲ್ ತೆಗೆಯುತ್ತಾರೆ, ಕೊಬ್ಬಿನಂಶ ಎಷ್ಟು ಎಂದು ನೋಡುತ್ತಾರೆ, ಕಾರ್ಡಿನಲ್ಲಿ ಬರೆದು ಕೈಗೆ ಕೊಡುತ್ತಾರೆ. ಫ್ಯಾಟು ಹೆಚ್ಚು ಬರೆದರೆ ಸೊಸೈಟಿಗೆ ನಷ್ಟ, ಕಡಿಮೆ ಬರೆದರೆ ಹಾಲು ತಂದವರಿಗೆ ನಷ್ಟ. ಹೆಬ್ಬೆಟ್ಟು ಒತ್ತುವ ಅಜ್ಜಿಗೂ ತನ್ನ ಎಮ್ಮೆಯ ಹಾಲಿನ ಫ್ಯಾಟು ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು ಬಂತು ಎಂದು ಗೊತ್ತು. ಅಂಕಿ ಬಿದ್ದರೆ ಅಲ್ಲಿಯೇ ನಿಂತು, "ಇನ್ನೊಂದ್ಸಲ ಹಾಕಿ ನೋಡು ಮಾರಾಯ" ಎನ್ನುತ್ತಾಳೆ. ಅಲ್ಲಿ ಮೋಸವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ತಪ್ಪು ಹತ್ತು ವರ್ಷ ಬದುಕುವುದಿಲ್ಲ, ಸಂಜೆಯೊಳಗೆ ಸಿಕ್ಕಿಬೀಳುತ್ತದೆ. ತಕ್ಕಡಿಯ ಎರಡೂ ಕಡೆ ಜನ ನಿಂತಿರುವುದು, ಇಬ್ಬರಿಗೂ ಬರೆದದ್ದು ಕಾಣುವುದು, ಇಬ್ಬರಿಗೂ ನಷ್ಟದ ಭಯವಿರುವುದು, ಈ ಮೂರೂ ಅಲ್ಲಿ ಒಟ್ಟಿಗೆ ಸೇರಿವೆ.

ಈ ಮೂರರಲ್ಲಿ ಒಂದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬಹಳ ದೂರದ ಒಂದು ಉದಾಹರಣೆಯನ್ನು ಹೇಳಬೇಕು. ಬ್ರಿಟನ್ನಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳಲ್ಲಿ 'ಹೊರೈಜನ್' ಎಂಬ ಕಂಪ್ಯೂಟರ್ ಲೆಕ್ಕದ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅಲ್ಲಿ ಊರೂರಿನ ಅಂಗಡಿಗಳಲ್ಲಿ ಅಂಚೆಯ ವ್ಯವಹಾರ ನಡೆಸುವ ಸಬ್ ಪೋಸ್ಟ್‌ಮಾಸ್ಟರುಗಳಿದ್ದಾರೆ. ಕಂಪ್ಯೂಟರ್ ತೋರಿಸಿದ ಶಿಲ್ಕಿಗೂ ಅವರ ಕೈಯಲ್ಲಿದ್ದ ಶಿಲ್ಕಿಗೂ ತಾಳೆಯಾಗದಿದ್ದರೆ ಕೊರತೆಯನ್ನು ತುಂಬಿಕೊಡಬೇಕೆಂದು ಸಂಸ್ಥೆ ಅವರನ್ನೇ ಹಿಡಿಯಿತು. ಅನೇಕರು ಉಳಿತಾಯವನ್ನು ತಂದು ಸುರಿದರು, ಮನೆ ಅಡವಿಟ್ಟರು. ಅದೂ ಸಾಲದೆ ಕಳ್ಳತನ, ಸುಳ್ಳು ಲೆಕ್ಕ ಎಂದು ಮೊಕದ್ದಮೆಗಳು ನಡೆದವು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು. ಆಲನ್ ಬೇಟ್ಸ್ ಎಂಬ ಸಬ್ ಪೋಸ್ಟ್‌ಮಾಸ್ಟರರ ಮುಂದಾಳತ್ವದಲ್ಲಿ 555 ಜನ ಸೇರಿ ಹೂಡಿದ ದಾವೆಯಲ್ಲಿ, ಆ ವ್ಯವಸ್ಥೆಯಲ್ಲಿಯೇ ದೋಷಗಳಿದ್ದವೆಂದೂ ಅವುಗಳಿಂದ ಇಲ್ಲದ ಕೊರತೆ ಕಾಣಿಸಿಕೊಳ್ಳುತ್ತಿತ್ತೆಂದೂ 2019ರ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಕೊನೆಗೆ 2024ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾನೂನನ್ನೇ ಮಾಡಿ ನೂರಾರು ಜನರ ಶಿಕ್ಷೆಯನ್ನು ಒಟ್ಟಾಗಿ ರದ್ದುಮಾಡಬೇಕಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ತಪ್ಪಿದ್ದದ್ದು ಮೂರನೆಯ ದರ್ಜೆಯ ಕಲಮಿನಲ್ಲಿ ಅಲ್ಲ. ಹಣದ ಲೆಕ್ಕದಲ್ಲಿ. ವ್ಯವಹಾರದ ದೃಷ್ಟಿಯಿಂದ ಅದಕ್ಕಿಂತ ಬೆಲೆಬಾಳುವ ಮಾಹಿತಿ ಯಾವುದು? ಆದರೂ ಅದು ವರ್ಷಗಟ್ಟಲೆ ಕೊಳೆಯಿತು, ಏಕೆಂದರೆ ಕೊರತೆಯನ್ನು ಬೇರೊಬ್ಬರು ತುಂಬಿಕೊಡುತ್ತಿದ್ದರು. ಹತ್ತು ಪೈಸೆಗೆ ದೀಪ ಹಚ್ಚಿ ಕೂರುತ್ತಿದ್ದ ನಮಗೆ, ಆ ಹತ್ತು ಪೈಸೆಯನ್ನು ಪ್ರತಿದಿನ ಕೌಂಟರಿನ ಆಚೆ ನಿಂತವನಿಂದ ವಸೂಲು ಮಾಡುವ ಅಧಿಕಾರವಿದ್ದಿದ್ದರೆ ನಾವೂ ಹಾಗೆ ಕೂರುತ್ತಿದ್ದೆವೆಂದು ಹೇಳಲಾರೆ. ಮಾಹಿತಿಗೆ ಬೆಲೆ ಇದ್ದ ಮಾತ್ರಕ್ಕೆ ಅದು ಸರಿಯಾಗಿರುವುದಿಲ್ಲ. ತಪ್ಪಿನ ಖರ್ಚು ಪುಸ್ತಕ ಇಟ್ಟುಕೊಂಡವರ ಖಾತೆಗೇ ಬಿದ್ದರೆ ಮಾತ್ರ ಅದು ಸರಿಯಾಗಿರುತ್ತದೆ.

ಆ ಮೊಕದ್ದಮೆಗಳ ಹಿಂದೆ ಕಾನೂನಿನ ಒಂದು ಸಣ್ಣ ಬದಲಾವಣೆಯೂ ಇತ್ತು. ಇಂಗ್ಲೆಂಡಿನ 1984ರ ಕಾಯಿದೆಯೊಂದರ 69ನೆಯ ಕಲಮಿನ ಪ್ರಕಾರ, ಕಂಪ್ಯೂಟರಿನ ಲೆಕ್ಕವನ್ನು ಸಾಕ್ಷ್ಯವಾಗಿ ತರುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. ಅದನ್ನು ತೋರಿಸುವುದು ತೊಡಕಿನ ಕೆಲಸವೆಂದು 1999ರ ಕಾಯಿದೆಯಿಂದ ಆ ಕಲಮನ್ನು ತೆಗೆದುಹಾಕಿದರು. ಅಂದಿನಿಂದ ಕಂಪ್ಯೂಟರ್ ಸರಿಯಾಗಿದೆ ಎಂದೇ ಭಾವಿಸುವುದು, ತಪ್ಪೆನ್ನುವವನು ಅದನ್ನು ಎತ್ತಿ ತೋರಿಸುವುದು ಎಂದಾಯಿತು. ಕಂಪ್ಯೂಟರಿನ ಒಳಗೆ ಏನಾಗುತ್ತದೆ ಎಂದು ನೋಡುವ ಹಕ್ಕಿಲ್ಲದ ಅಂಗಡಿಕಾರ ಅದನ್ನು ಎತ್ತಿ ತೋರಿಸುವುದು ಹೇಗೆ?

ನಮ್ಮಲ್ಲಿಯೂ ಇಂಥದೊಂದು ಭಾವನೆ ಕಾನೂನಿನಲ್ಲಿದೆ. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 133ನೆಯ ಕಲಮಿನ ಪ್ರಕಾರ, ಪಹಣಿಯಲ್ಲಿ ಬರೆದದ್ದು ತಪ್ಪೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕು. ಇದು ಬೇಕಾದದ್ದೇ. ಇಲ್ಲದಿದ್ದರೆ ಯಾವ ಗದ್ದೆಯ ಕ್ರಯವೂ ಆಗಲಾರದು. 'ಭೂಮಿ' ಯೋಜನೆಯಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಗ್ರಾಮಲೆಕ್ಕಿಗನ ಚೀಲದೊಳಗೆ ಇದ್ದದ್ದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುವಂತಾಯಿತು. ರೈತರ ಮಟ್ಟಿಗೆ ಅದೊಂದು ದೊಡ್ಡ ಬಿಡುಗಡೆ. ಆದರೆ ಕೈಬರಹದಲ್ಲಿದ್ದ ತಪ್ಪುಗಳೂ, ಬೆರಳಚ್ಚಿನಲ್ಲಿ ಹೊಸದಾಗಿ ಸೇರಿದ ತಪ್ಪುಗಳೂ ಈಗ ಅಚ್ಚಿನ ಗಾಂಭೀರ್ಯ ಪಡೆದವು. ಪಹಣಿಯ 3ನೆಯ ಕಲಮಿನಲ್ಲಿರುವ ವಿಸ್ತೀರ್ಣಕ್ಕೂ 9ನೆಯ ಕಲಮಿನಲ್ಲಿ ಮಾಲೀಕರ ಹೆಸರಿನ ಮುಂದಿರುವ ವಿಸ್ತೀರ್ಣಕ್ಕೂ ತಾಳೆಯಾಗದೆ ಕಚೇರಿಗೆ ಅಲೆಯುವ ರೈತರನ್ನು ನೀವೂ ನೋಡಿರಬಹುದು. ಎರಡು ಗುಂಟೆ ಹೆಚ್ಚುಕಡಿಮೆಯಾದರೆ ಸರ್ಕಾರಕ್ಕೆ ಏನೂ ಆಗುವುದಿಲ್ಲ, ಆ ಎರಡು ಗುಂಟೆಯ ಕಂದಾಯ ಒಂದು ಲೋಟ ಚಹಾಕ್ಕೂ ಸಾಲದು. ರೈತನಿಗೆ ಮಾತ್ರ ಕ್ರಯವೂ ನಿಲ್ಲುತ್ತದೆ, ಸಾಲವೂ ನಿಲ್ಲುತ್ತದೆ. ಅರ್ಜಿ, ಹಳೆಯ ಪಹಣಿಯ ನಕಲು, ಓಡಾಟ ಎಲ್ಲ ಅವನ ಪಾಲಿಗೆ. ತಪ್ಪು ಬರೆದದ್ದು ಕಚೇರಿ, ಸರಿಯೆಂದು ತೋರಿಸಬೇಕಾದವನು ರೈತ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಕಡೆ ಗಾದೆ. ಅಡಿಕೆಯ ಬೆಲೆ ಎಷ್ಟು ಎಂದು ಸಂತೆಯಲ್ಲಿ ಕೇಳಿದರೆ ಒಂದು ಉತ್ತರ ಬರುತ್ತದೆ, ಮಾನ ಕಳೆದುಕೊಂಡವನನ್ನು ಕೇಳಿದರೆ ಇನ್ನೊಂದು ಉತ್ತರ. ಗಾದೆ ಕಟ್ಟಿದವರಿಗೆ ಎರಡೂ ಗೊತ್ತಿತ್ತು. ಅಡಿಕೆಯನ್ನು ಅಡಿಕೆಯೆಂದೇ ಅವರು ಕರೆದರು, ಅದನ್ನು ಚಿನ್ನವೆನ್ನಲಿಲ್ಲ. ಆದರೆ ಸಣ್ಣ ವಸ್ತುವಿನಿಂದ ಆಗುವ ನಷ್ಟವೂ ಸಣ್ಣದೇ ಎಂದು ತೀರ್ಮಾನಿಸಲಿಲ್ಲ.

ಎಲ್ಲ ಮಾಹಿತಿಯನ್ನೂ ಗುಲಗಂಜಿಯಿಂದ ತೂಗಬೇಕೆಂದು ನಾನು ವಾದಿಸುತ್ತಿಲ್ಲ. ನನ್ನ ಸೋದರಳಿಯ ಹೇಳಿದ ದರ್ಜೆಯ ಹಾಳೆ ಬೇಕು. ಅದರಲ್ಲಿ ಇನ್ನೆರಡು ಪ್ರಶ್ನೆಗಳಿಗೆ ಜಾಗ ಮಾಡಬೇಕು ಎನ್ನುವುದಷ್ಟೇ ನನ್ನ ಮಾತು. ಈ ಕಲಮು ತಪ್ಪಾದರೆ ಖರ್ಚು ಯಾರಿಗೆ ಎನ್ನುವುದು ಮೊದಲನೆಯದು. ನಮಗಲ್ಲ, ಅದರೊಳಗಿರುವ ಮನುಷ್ಯನಿಗೆ ಎಂದು ಉತ್ತರ ಬಂದರೆ, ಆ ಕಲಮಿನ ದರ್ಜೆಯನ್ನು ಮೇಲಕ್ಕೆ ಏರಿಸಬೇಕು. ನಮ್ಮ ನಷ್ಟವನ್ನು ಕಾಯಲು ನಮ್ಮ ಸ್ವಾರ್ಥವೇ ಇದೆ, ಅವನದನ್ನು ಕಾಯಲು ನಿಯಮವೇ ಬೇಕು. ಆದ ನಷ್ಟವನ್ನು ಆಮೇಲೆ ತಿದ್ದಿಕೊಡಲು ಸಾಧ್ಯವೇ ಎನ್ನುವುದು ಎರಡನೆಯ ಪ್ರಶ್ನೆ. ಮದುವೆಯ ಕರೆಯೋಲೆ ತಪ್ಪು ವಿಳಾಸಕ್ಕೆ ಹೋದರೆ ಕ್ಷಮೆ ಕೇಳಬಹುದು. ಔಷಧಿಯ ಪ್ರಮಾಣ, ಜಮೀನಿನ ಗಡಿ, ಕಳ್ಳನೆಂಬ ಹೆಸರು, ಇವನ್ನು ಆಮೇಲೆ ತಿದ್ದಿದರೂ ಕಳೆದದ್ದು ಪೂರ್ತಿ ಮರಳುವುದಿಲ್ಲ. ಬ್ರಿಟನ್ನಿನಲ್ಲಿ ಶಿಕ್ಷೆ ರದ್ದಾಗುವ ಹೊತ್ತಿಗೆ ತೀರಿಕೊಂಡಿದ್ದವರೂ ಇದ್ದರು.

ಇದಕ್ಕೆ ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಪ್ರತಿ ಠೇವಣಿದಾರನ ಮನೆಗೂ ಹೋಗಿ ನಾಮಿನಿ ಬರೆಸಿಕೊಂಡು ಬಂದರೆ ಖರ್ಚು ಕೊನೆಗೆ ಬಡ್ಡಿಯ ದರದಲ್ಲಿ ಬಂದು ಕೂರುತ್ತದೆ. ಅದನ್ನು ಕೊಡುವವರು ಅದೇ ರೈತರು. ನಾನು ಕೊಡಬಲ್ಲ ಉತ್ತರ ಒಂದೇ. ಆ ಖರ್ಚು ಈಗಲೂ ಆಗುತ್ತಲೇ ಇದೆ. ಅಡಾವೆ ಪತ್ರಿಕೆಯಲ್ಲಿ ಕಾಣುವುದಿಲ್ಲ, ಅಷ್ಟೇ. ಆ ಹೆಂಗಸಿನ ವಕೀಲರ ಫೀಜು, ಏಳು ತಿಂಗಳ ಬಸ್ಸಿನ ಚಾರ್ಜು, ಬಿಟ್ಟುಹೋದ ದಿನಗೂಲಿ ಎಲ್ಲವೂ ಖರ್ಚೇ ಆಗಿದ್ದವು. ನೂರು ಜನ ಹಂಚಿಕೊಂಡರೆ ಹಗುರವಾಗುತ್ತಿದ್ದ ಹೊರೆಯನ್ನು ನಾವು, ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯಿದ್ದವರ ತಲೆಯ ಮೇಲೆ ಇಟ್ಟಿದ್ದೆವು. ಯಾರ ತಲೆಯ ಮೇಲೆ ಇಡಬೇಕು ಎಂಬುದು ಲೆಕ್ಕದ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಲೆಕ್ಕ ಅದನ್ನು ತೀರ್ಮಾನಿಸಲಾರದು.

ಕನ್ನಡದಲ್ಲಿ ನಮಗೆ 'ಬೆಲೆ' ಎಂಬ ಮಾತೂ ಇದೆ, 'ಮೌಲ್ಯ' ಎಂಬ ಮಾತೂ ಇದೆ. ಈ ಎರಡನೆಯ ಮಾತನ್ನು ನಾವು ಜಮೀನಿನ ದರಕ್ಕೂ ಬಳಸುತ್ತೇವೆ, ಗಾಂಧೀಜಿಯವರ ಬದುಕಿಗೂ ಬಳಸುತ್ತೇವೆ. ಈ ಗೊಂದಲದಿಂದ ಒಂದು ಉಪಕಾರವಿದೆ. ಯಾರಾದರೂ ಒಂದು ಮಾಹಿತಿಗೆ ಮೌಲ್ಯ ಎಷ್ಟು ಎಂದಾಗ, ಯಾರಿಗೆ ಎಂದು ಕೇಳುವುದು ನಮ್ಮ ಭಾಷೆಯಲ್ಲಿ ಅಸಹಜವಾಗಿ ಕೇಳಿಸುವುದಿಲ್ಲ.

ಇದನ್ನು ಓದುತ್ತಿರುವ ನೀವು ಯಾವುದಾದರೊಂದು ಕಚೇರಿಯಲ್ಲಿ ಇನ್ನೊಬ್ಬರ ಹೆಸರಿರುವ ಪುಸ್ತಕವನ್ನೋ ಕಂಪ್ಯೂಟರನ್ನೋ ನೋಡಿಕೊಳ್ಳುವವರಾಗಿದ್ದರೆ, ನಾಳೆ ಅದರಲ್ಲಿ ಯಾರೂ ದೂರು ಕೊಡದ ಒಂದು ಕಲಮನ್ನು ತೆರೆದು ನೋಡಿ. ಅಂಥ ಕೆಲಸದವರಲ್ಲದಿದ್ದರೆ, ಸಂಜೆ ಮನೆಯ ಪೆಟ್ಟಿಗೆಯಿಂದ ಪಾಸ್‌ಬುಕ್ಕು, ಠೇವಣಿಯ ರಸೀದಿ, ಪಹಣಿ ತೆಗೆದು ಹೆಂಡತಿಯೋ ಗಂಡನೋ ಮಕ್ಕಳೋ ಪಕ್ಕದಲ್ಲಿರುವಾಗ ಒಮ್ಮೆ ಗಟ್ಟಿಯಾಗಿ ಓದಿ. ಹೆಸರು ನಿಮ್ಮದೇ ಎಂದು ಅವರಿಗೂ ಗೊತ್ತಾಗಬೇಕು.